ಜರ್ಮನಿಯಲ್ಲಿ ಊಟಕ್ಕೆ ಎಲ್ಲಿ ಕೂರೋದು? ವಿರ್ಟ್ಸ್‌ಹೌಸ್, ಬೀರ್‌ಗಾರ್ಟನ್, ಬ್ರೌಹೌಸ್, ಇಂಬಿಸ್

ಜರ್ಮನಿಗೆ ಹೋದವರು ಊಟದ ಜಾಗ ಹುಡುಕುವಾಗ ಗೂಗಲ್ ಮ್ಯಾಪಿನಲ್ಲಿ ಎಷ್ಟು ಸ್ಟಾರ್ ಇದೆ ಅಂತ ನೋಡುತ್ತಾರೆ. ನೋಡಿ, ಬೇಡ ಅನ್ನೋದಿಲ್ಲ. ಆದರೆ ಅದಕ್ಕೂ ಮೊದಲು ಬೋರ್ಡ್ ಓದಿ, ಅದು ಎಂಥ ಜಾಗ ಅಂತ ತಿಳಿದುಕೊಳ್ಳಿ. ವಿರ್ಟ್ಸ್‌ಹೌಸ್, ಬೀರ್‌ಗಾರ್ಟನ್, ಬ್ರೌಹೌಸ್, ರಾಟ್ಸ್‌ಕೆಲ್ಲರ್, ಇಂಬಿಸ್ ಎಲ್ಲವೂ ನಮಗೆ 'ಜರ್ಮನ್ ಹೋಟೆಲ್'. ಅಲ್ಲಿನವರಿಗೆ ಹಾಗಲ್ಲ. ಒಂದು ಕಡೆ ನೀವೇ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಇನ್ನೊಂದು ಕಡೆ ಕೇಳದಿದ್ದರೂ ಗ್ಲಾಸ್ ತುಂಬುತ್ತಲೇ ಇರುತ್ತದೆ. ಒಂದು ಕಡೆ ಮನೆಯ ಬುತ್ತಿ ಬಿಚ್ಚಬಹುದು, ಇನ್ನೊಂದು ಕಡೆ ನೀರಿಗೂ ಬಿಲ್ಲು. ಅದರಲ್ಲೂ ಸಸ್ಯಾಹಾರಿಗಳಿಗೆ ಐದು ಸ್ಟಾರಿನ ತಪ್ಪು ಜಾಗಕ್ಕಿಂತ ಮೂರೂವರೆ ಸ್ಟಾರಿನ ಸರಿಯಾದ ಜಾಗವೇ ವಾಸಿ.

ಮಗನನ್ನೋ ಮಗಳನ್ನೋ ನೋಡಲು ಮ್ಯೂನಿಕ್ಕಿಗೆ, ಸ್ಟುಟ್‌ಗಾರ್ಟಿಗೆ ಹೊರಟ ಅಪ್ಪ ಅಮ್ಮಂದಿರು, ಕಂಪನಿ ಕೆಲಸಕ್ಕೆ ಹೋಗುವವರು, ಮಕ್ಕಳನ್ನು ಕಟ್ಟಿಕೊಂಡು ಪ್ರವಾಸ ಹೊರಟವರು, ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬೆಲೆಗಳೆಲ್ಲ ಅಂದಾಜು. ಊರು, ಬೀದಿ ನೋಡಿ ಹೆಚ್ಚು ಕಡಿಮೆ ಆಗುತ್ತದೆ.

ವಿರ್ಟ್ಸ್‌ಹೌಸ್: ಕೂತು ಉಣ್ಣುವ ಜಾಗ

ಗಾಸ್ಟ್‌ಹೌಸ್, ಗಾಸ್ಟ್‌ಷ್ಟೆಟ್ಟೆ, ವಿರ್ಟ್ಸ್‌ಹೌಸ್ ಎಲ್ಲವೂ ಹೆಚ್ಚು ಕಡಿಮೆ ಒಂದೇ. ಮರದ ಮೇಜು, ಮರದ ಬೆಂಚು, ದೊಡ್ಡ ತಟ್ಟೆ, ಅದರ ತುಂಬ ಊಟ. ಒಂದು ಮುಖ್ಯ ತಿನಿಸಿಗೆ ಸುಮಾರು 15ರಿಂದ 25 ಯೂರೋ. ತಟ್ಟೆಯ ಗಾತ್ರ ನೋಡಿದರೆ ನಮ್ಮ ಕಡೆಯ ಇಬ್ಬರು ಹಿರಿಯರಿಗೆ ಒಂದು ಸಾಕು. ಹಂಚಿಕೊಳ್ಳುತ್ತೇವೆ ಅಂತ ಹೇಳಿ ಖಾಲಿ ತಟ್ಟೆ ಕೇಳಿದರೆ ಕೊಡುತ್ತಾರೆ.

ಬಹಳ ಕಡೆ ಒಳಗೆ ಹೋಗಿ ಖಾಲಿ ಮೇಜು ಕಂಡಲ್ಲಿ ನೀವೇ ಕೂರಬಹುದು. ದೊಡ್ಡ ಮೇಜಿನಲ್ಲಿ ಯಾರೋ ಕೂತಿದ್ದು ಉಳಿದ ಜಾಗ ಖಾಲಿ ಇದ್ದರೆ 'ಇಸ್ಟ್ ಹಿಯರ್ ನೋಖ್ ಫ್ರೈ', ಅಂದರೆ ಇಲ್ಲಿ ಜಾಗ ಖಾಲಿ ಇದೆಯಾ ಅಂತ ಕೇಳಿ ಪಕ್ಕದಲ್ಲೇ ಕೂತುಕೊಳ್ಳಿ. ಅಪರಿಚಿತರ ಜೊತೆ ಮೇಜು ಹಂಚಿಕೊಳ್ಳೋದು ಅಲ್ಲಿ ಮಾಮೂಲು. ಒಂದು ಮೇಜನ್ನು ಮಾತ್ರ ಮುಟ್ಟಬೇಡಿ. 'ಷ್ಟಾಮ್‌ಟಿಶ್' ಅಂತ ಫಲಕ ಇದ್ದರೆ ಅದು ಊರಿನ ಖಾಯಂ ಗಿರಾಕಿಗಳದ್ದು. ಅದು ಖಾಲಿ ಇದ್ದರೂ ಖಾಲಿ ಅಲ್ಲ.

ಮೇಜಿನ ಮೇಲೆ ಬುಟ್ಟಿಯಲ್ಲಿ ಬ್ರೆಡ್ಡು, ಬ್ರೇಟ್ಸೆ (ಗಂಟಿನ ಆಕಾರದ ಬ್ರೆಡ್ಡು, ಇಂಗ್ಲಿಷಿನ ಪ್ರೆಟ್ಜೆಲ್) ಇಟ್ಟಿರುತ್ತಾರೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಂತೂ ಅದು ಸಾಮಾನ್ಯವಾಗಿ ಪುಕ್ಕಟೆ ಅಲ್ಲ. ಎಷ್ಟು ತಿಂದಿರಿ ಅಂತ ಕೊನೆಯಲ್ಲಿ ಕೇಳಿ ಬಿಲ್ಲಿಗೆ ಸೇರಿಸುತ್ತಾರೆ.

ವಿರ್ಟ್ಸ್‌ಹೌಸಿನ ದೊಡ್ಡ ತೊಡಕು ಸಮಯ. ಅನೇಕ ಕಡೆ ಅಡುಗೆಮನೆ ಮಧ್ಯಾಹ್ನ ಎರಡರ ಹೊತ್ತಿಗೆ ಮುಚ್ಚಿ ಸಂಜೆ ಐದೂವರೆಗೋ ಆರಕ್ಕೋ ತೆರೆಯುತ್ತದೆ. ರಾತ್ರಿ ಒಂಬತ್ತು, ಒಂಬತ್ತೂವರೆಗೆ ಮತ್ತೆ ಬಂದ್. ಬಾಗಿಲು ತೆರೆದಿರುತ್ತದೆ, ಜನ ಕುಡಿಯುತ್ತಾ ಕೂತಿರುತ್ತಾರೆ, ಬಿಸಿ ಊಟ ಮಾತ್ರ ಸಿಗೋದಿಲ್ಲ. ರಾತ್ರಿ ಒಂಬತ್ತರ ಮೇಲೆ ಊಟ ಮಾಡುವ ನಮ್ಮ ಅಭ್ಯಾಸಕ್ಕೆ ಇದು ಸರಿಹೋಗೋದಿಲ್ಲ. ಮೆನುವಿನಲ್ಲಿ 'ಡುರ್ಷ್‌ಗೇಹೆಂಡ್ ವಾರ್ಮೆ ಕ್ಯೂಶೆ' ಅಂತ ಇದ್ದರೆ ಮಧ್ಯಾಹ್ನದ ಬಿಡುವಿಲ್ಲದೆ ಬಿಸಿ ಅಡುಗೆ ಸಿಗುತ್ತದೆ. ಮಕ್ಕಳಿದ್ದರೆ ಇಂಥ ಜಾಗವನ್ನೇ ಹುಡುಕಿ.

ಮ್ಯೂನಿಕ್ಕಿನ ಹೋಫ್‌ಬ್ರೌಹೌಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. 1589ರಲ್ಲಿ ಬವೇರಿಯಾದ ದೊರೆ ಐದನೇ ವಿಲ್ಹೆಲ್ಮ್ ಶುರು ಮಾಡಿದ ಬ್ರೂವರಿ ಅದು. ಒಳಗೆ ಒಮ್ಮೆ ಸುತ್ತು ಹಾಕಿ, ಬ್ಯಾಂಡ್ ಕೇಳಿ. ಮಾತಾಡಿಕೊಂಡು ಉಣ್ಣಬೇಕು ಅಂದರೆ ಎರಡು ಬೀದಿ ಆಚೆಯ ಯಾವುದಾದರೂ ಸಣ್ಣ ವಿರ್ಟ್ಸ್‌ಹೌಸಿಗೆ ನಡೆಯಿರಿ.

ಬೀರ್‌ಗಾರ್ಟನ್: ಹೆಸರು ನೋಡಿ ಹೆದರಬೇಡಿ

ಬೀರು ಮುಟ್ಟದ ಕುಟುಂಬಕ್ಕೆ ನಾನು ಮೊದಲು ಹೇಳುವ ಜಾಗವೇ ಬವೇರಿಯಾದ ಬೀರ್‌ಗಾರ್ಟನ್, ಅಂದರೆ ಮರದ ನೆರಳಿನ ಬಯಲು ಬೀರು ತೋಟ. ವಿಚಿತ್ರ ಅನ್ನಿಸಬಹುದು, ಕಾರಣ ಕೇಳಿ.

ಹತ್ತೊಂಬತ್ತನೇ ಶತಮಾನದಲ್ಲಿ ಮ್ಯೂನಿಕ್ಕಿನ ಬ್ರೂವರಿಗಳು ಬೀರನ್ನು ತಂಪಾಗಿಡಲು ನೆಲಮಾಳಿಗೆ ತೋಡಿ, ಮೇಲೆ ನೆರಳಿಗೆ ಚೆಸ್ಟ್‌ನಟ್ ಮರ ಬೆಳೆಸಿದವು. ಜನ ಅಲ್ಲೇ ಬಂದು ಕುಡಿಯತೊಡಗಿದರು. ಊರೊಳಗಿನ ಹೋಟೆಲಿನವರು ತಕರಾರು ತೆಗೆದರು. ಆಗ ಬವೇರಿಯಾದ ರಾಜ ಮ್ಯಾಕ್ಸಿಮಿಲಿಯನ್ 1812ರಲ್ಲಿ ಒಂದು ಆದೇಶ ಹೊರಡಿಸಿದ. ಬೀರು ಮಾರಿ, ಬ್ರೆಡ್ಡು ಕೊಡಿ, ಅದಕ್ಕಿಂತ ಹೆಚ್ಚಿಗೆ ಊಟ ಬಡಿಸಬೇಡಿ ಅಂತ. ಹಾಗಾಗಿ ಜನ ಮನೆಯಿಂದಲೇ ತಿಂಡಿ ಕಟ್ಟಿಕೊಂಡು ಬರೋದು ರೂಢಿಯಾಯಿತು. ಊಟ ಬಡಿಸಬಾರದು ಅನ್ನುವ ನಿರ್ಬಂಧ ಆಮೇಲೆ ಹೋಯಿತು, ರೂಢಿ ಉಳಿಯಿತು. 1999ರ ಬವೇರಿಯಾದ ಬೀರ್‌ಗಾರ್ಟನ್ ನಿಯಮಾವಳಿಯೂ ಮನೆಯ ತಿಂಡಿ ತಂದು ತಿನ್ನುವ ಅವಕಾಶವನ್ನು ಬೀರ್‌ಗಾರ್ಟನ್ನಿನ ಲಕ್ಷಣ ಅಂತಲೇ ನೋಡುತ್ತದೆ.

ಅಂದರೆ, ಚಿತ್ರಾನ್ನದ ಡಬ್ಬಿ, ಚಪಾತಿ-ಪಲ್ಯ, ಮೊಸರನ್ನ ಏನು ಬೇಕಾದರೂ ಅಲ್ಲಿ ರಾಜಾರೋಷವಾಗಿ ಬಿಚ್ಚಬಹುದು. ಪಕ್ಕದ ಮೇಜಿನ ಜರ್ಮನ್ ಕುಟುಂಬವೂ ಬುಟ್ಟಿಯಿಂದ ಚೀಸು, ಮೂಲಂಗಿ, ಚಾಕು, ಮೇಜಿನ ಹಾಸು ಎಲ್ಲ ತೆಗೆದು ಇಡುತ್ತಿರುತ್ತದೆ. ಎರಡು ಷರತ್ತು ಅಷ್ಟೆ. ಕುಡಿಯೋದನ್ನು ಅಲ್ಲೇ ಕೊಳ್ಳಬೇಕು, ಜ್ಯೂಸ್ ಆದರೂ ಸರಿ. ಮತ್ತೆ, ಬಟ್ಟೆ ಹಾಸಿದ ಮೇಜಿನಲ್ಲಿ ಕೂರಬಾರದು. ಬಟ್ಟೆ ಇದ್ದರೆ ಅಲ್ಲಿ ಸಪ್ಲೈಯರ್ ಬರುತ್ತಾರೆ, ಮೆನುವಿನ ಊಟವನ್ನೇ ತಗೋಬೇಕು. ಬರಿಯ ಮರದ ಮೇಜು ಅಂದರೆ ಸೆಲ್ಫ್ ಸರ್ವಿಸ್, ಬುತ್ತಿಗೂ ಸ್ವಾಗತ.

ಮ್ಯೂನಿಕ್ಕಿನ ಹಿರ್ಶ್‌ಗಾರ್ಟನ್‌ನಲ್ಲಿ ಸುಮಾರು 8,000 ಜನ ಕೂರಬಹುದು. ಇಂಗ್ಲಿಷ್ ಗಾರ್ಡನ್ನಿನ ಚೀನೀ ಗೋಪುರದ ಬಳಿ ಸುಮಾರು 7,000. ಹಾಗಾಗಿ ಜಾಗ ಸಿಗುತ್ತದೋ ಇಲ್ಲವೋ ಅನ್ನುವ ಚಿಂತೆ ಕಡಿಮೆ. ಅನೇಕ ಕಡೆ ಮಕ್ಕಳಿಗೆ ಆಟದ ಜಾಗ ಇರುತ್ತದೆ. ಯಾರೂ ನಿಮ್ಮನ್ನು ಎಬ್ಬಿಸೋದಿಲ್ಲ, ಮಗು ಅತ್ತರೆ ಯಾರೂ ತಿರುಗಿ ನೋಡೋದಿಲ್ಲ.

ಅಲ್ಲೇ ಕೊಳ್ಳಬೇಕೆಂದರೆ ಕೈಯಗಲದ ಬ್ರೇಟ್ಸೆ, ಸುರುಳಿಯಾಗಿ ಹೆಚ್ಚಿ ಉಪ್ಪು ಹಾಕಿದ ಬಿಳಿ ಮೂಲಂಗಿ, ಫ್ರೆಂಚ್ ಫ್ರೈಸ್ ಇರುತ್ತವೆ. ಹಳೆಯ ಮೆತ್ತನೆ ಚೀಸಿಗೆ ಬೆಣ್ಣೆ, ಮೆಣಸಿನ ಪುಡಿ ಸೇರಿಸಿ ಕಲಸಿದ ಓಬಾಟ್ಸ್‌ಡ ಕೂಡ. ಈ ಓಬಾಟ್ಸ್‌ಡಕ್ಕೆ ಕೆಲವರು ಒಂದಿಷ್ಟು ಬೀರನ್ನೂ ಹಾಕುತ್ತಾರೆ, ಬೇಡವಾದವರು ಕೇಳಿಕೊಳ್ಳಿ. ಮಾಂಸ ತಿನ್ನುವವರಿಗೆ ಅರ್ಧ ಕೋಳಿ, ಕೋಲಿಗೆ ಚುಚ್ಚಿ ಸುಟ್ಟ ಮೀನು. ಗಾಜಿನ ಮಗ್ಗಿಗೆ ಡೆಪಾಸಿಟ್ ಹಿಡಿಯುವ ಕಡೆ, ಮಗ್ಗು ವಾಪಸ್ ಕೊಟ್ಟು ದುಡ್ಡು ಇಸ್ಕೊಳ್ಳೋದನ್ನು ಮರೆಯಬೇಡಿ.

ತೊಂದರೆ ಎರಡು. ಮಳೆ ಬಂದರೆ ಮುಗಿಯಿತು, ಚಳಿಗಾಲದಲ್ಲಿ ಬಹುತೇಕ ಇಲ್ಲವೇ ಇಲ್ಲ. ಮತ್ತೆ ಈ ಬುತ್ತಿಯ ಪದ್ಧತಿ ಬವೇರಿಯಾದ್ದು. ಬರ್ಲಿನ್ನಿನಲ್ಲೋ ಹ್ಯಾಂಬರ್ಗಿನಲ್ಲೋ 'ಬೀರ್‌ಗಾರ್ಟನ್' ಅಂತ ಬೋರ್ಡ್ ನೋಡಿ ಡಬ್ಬಿ ಬಿಚ್ಚಬೇಡಿ, ಮೊದಲು ಕೇಳಿ.

ಊರಿಗೊಂದು ಬಗೆ

ಕ್ಯೋಲ್ನ್, ಅಂದರೆ ಕಲೋನ್ ಊರಿನ ಬ್ರೌಹೌಸ್ (ಬೀರು ಬ್ರೂವರಿಯ ಹೋಟೆಲು) ಮಜಾ ಇರುವ ಜಾಗ, ಆದರೆ ಅದು ಕುಡಿಯುವವರದ್ದು. ಕ್ಯೋಲ್ಶ್ ಬೀರು 0.2 ಲೀಟರಿನ ಸಣ್ಣ ಗ್ಲಾಸಿನಲ್ಲಿ ಬರುತ್ತದೆ. ಖಾಲಿಯಾದ ಕೂಡಲೆ ಸಪ್ಲೈಯರ್ ಕೇಳದೇ ಇನ್ನೊಂದು ಇಟ್ಟು, ಗ್ಲಾಸಿನ ಕೆಳಗಿನ ರಟ್ಟಿನ ಮೇಲೆ ಗೀಟು ಎಳೆದು ಹೋಗುತ್ತಾನೆ. ಸಾಕು ಅಂದರೆ ರಟ್ಟನ್ನು ಗ್ಲಾಸಿನ ಮೇಲೆ ಮುಚ್ಚಬೇಕು. ಈ ಸಪ್ಲೈಯರ್‌ಗಳಿಗೆ ಕ್ಯೋಬೆಸ್ ಅಂತ ಹೆಸರು. ಒರಟು ತಮಾಷೆಗೆ ಅವರು ಪ್ರಸಿದ್ಧರು. ನೀರು ಕೇಳಿದರೆ ಕಿಚಾಯಿಸಬಹುದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಊಟದ ವಿಷಯದಲ್ಲಿ ಅಲ್ಲಿನ ಮೆನು ಸ್ವಲ್ಪ ಆಟವಾಡಿಸುತ್ತದೆ. 'ಹಾಲ್ವೆ ಹಾನ್' ಅಂತ ಓದಿ ಅರ್ಧ ಕೋಳಿ ಬರುತ್ತದೆ ಅಂದುಕೊಂಡರೆ ಬರೋದು ರೈ ಬನ್ನು, ದಪ್ಪ ಚೀಸಿನ ತುಂಡು, ಸಾಸಿವೆ. ಸಸ್ಯಾಹಾರಿಗೆ ಲಾಭ! ಅದೇ ಆಲೂಗಡ್ಡೆ, ಸೇಬಿನ 'ಹಿಮ್ಮೆಲ್ ಉನ್ ಎಎಡ್' ಸಾಧುವಾಗಿ ಕಾಣುತ್ತದೆ, ಮೇಲೆ ರಕ್ತದ ಸಾಸೇಜ್ ಇರುತ್ತದೆ. ರೈಬೆಕೂಖನ್ ಅಂದರೆ ತುರಿದ ಆಲೂಗಡ್ಡೆಯನ್ನು ತಟ್ಟಿ ಕರಿದದ್ದು, ಜೊತೆಗೆ ಸೇಬಿನ ಗೊಜ್ಜು. ಸಾಮಾನ್ಯವಾಗಿ ಮೊಟ್ಟೆ ಹಾಕಿರುತ್ತಾರೆ.

ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸುವ ಮಧ್ಯೆ ಅರ್ಧ ದಿನ ಸಿಕ್ಕಿದರೆ ನದಿಯ ಆಚೆ ಸಾಕ್ಸನ್‌ಹೌಸನ್ ಬಡಾವಣೆಯ ಸೇಬಿನ ವೈನಿನ ಮನೆಗಳಿಗೆ ಹೋಗಬಹುದು. ಬೂದು ಬಣ್ಣದ, ನೀಲಿ ಚಿತ್ತಾರದ ಹೂಜಿಯಲ್ಲಿ ಆಪ್ಫೆಲ್‌ವೈನ್ ಕೊಡುತ್ತಾರೆ. ಅದರಲ್ಲಿ ಆಲ್ಕೋಹಾಲ್ ಇರುತ್ತದೆ, ಜ್ಯೂಸ್ ಅಂದುಕೊಳ್ಳಬೇಡಿ. ಇಲ್ಲಿನ ಗ್ರ್ಯೂನೆ ಝೋಸೆ ಏಳು ಹಸಿ ಸೊಪ್ಪುಗಳ ತಣ್ಣನೆ ಸಾಸ್. ಬೇಯಿಸಿದ ಆಲೂಗಡ್ಡೆ, ಮೊಟ್ಟೆಯ ಜೊತೆ ಬರುತ್ತದೆ. ಮೊಟ್ಟೆ ತಿನ್ನುವ ಸಸ್ಯಾಹಾರಿಗೆ ನನ್ನ ಮಟ್ಟಿಗೆ ಜರ್ಮನ್ ಅಡುಗೆಯಲ್ಲೇ ಹಗುರವಾದ, ಒಳ್ಳೆಯ ಊಟ ಇದು. ತಿನ್ನದವರು 'ಮೊಟ್ಟೆ ತೆಗೆದು ಕೊಡಿ' ಅಂದರೆ ಸಾಲದು, ಸಾಸಿನ ಒಳಗೂ ಹೆಚ್ಚಿ ಹಾಕಿರಬಹುದು.

ಸ್ಟುಟ್‌ಗಾರ್ಟ್ ಸುತ್ತಿನ ಶ್ವಾಬಿಯನ್ ಸೀಮೆಯಲ್ಲಿ ಷ್ಪೆಟ್ಸ್‌ಲೆ ರಾಜ್ಯಭಾರ. ಮೊಟ್ಟೆ ಹಾಕಿ ಕಲಸಿದ ಮೈದಾ ಹಿಟ್ಟನ್ನು, ನಮ್ಮಲ್ಲಿ ಶಾವಿಗೆ ಒತ್ತಿದ ಹಾಗೆ, ಕುದಿಯುವ ನೀರಿಗೆ ಒತ್ತುತ್ತಾರೆ. ಅದಕ್ಕೆ ಚೀಸು ಕರಗಿಸಿ ಹುರಿದ ಈರುಳ್ಳಿ ಹಾಕಿದರೆ ಕೇಸೆಷ್ಪೆಟ್ಸ್‌ಲೆ. ದ್ರಾಕ್ಷಿ ಬೆಳೆಯುವ ಈ ಪ್ರದೇಶದಲ್ಲಿ ಬೇಸನ್‌ವಿರ್ಟ್‌ಶಾಫ್ಟ್ ಅನ್ನುವ ಜಾಗಗಳೂ ಇವೆ. ಬಾಗಿಲಿಗೆ ಪೊರಕೆ ಕಟ್ಟಿದ್ದರೆ ತೆರೆದಿದೆ ಅಂತ ಅರ್ಥ. ದ್ರಾಕ್ಷಿ ಬೆಳೆಗಾರರು ತಮ್ಮದೇ ವೈನನ್ನು, ಸರಳ ಊಟದ ಜೊತೆ, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ತಿಂಗಳು, 40 ಆಸನ ಮೀರದಂತೆ ಮಾರಬಹುದು. ಅಗ್ಗ, ಆತ್ಮೀಯ, ಆದರೆ ಮಾಂಸದ ತಿನಿಸೇ ಜಾಸ್ತಿ. ನಿಘಂಟಿನ ಕಿಟ್ಟೆಲ್ 1903ರಲ್ಲಿ ತೀರಿಕೊಂಡ ಟ್ಯೂಬಿಂಗನ್ ಊರೂ ಇದೇ ಸೀಮೆಯಲ್ಲಿದೆ. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಕನ್ನಡದವರು ಒಂದು ಮಧ್ಯಾಹ್ನದ ಊಟ ಅಲ್ಲಿಗೆ ಇಟ್ಟುಕೊಳ್ಳಬಹುದು.

ರಾಟ್ಸ್‌ಕೆಲ್ಲರ್ ಅಂದರೆ ಟೌನ್ ಹಾಲಿನ ನೆಲಮಾಳಿಗೆಯ ರೆಸ್ಟೋರೆಂಟ್. ಬ್ರೆಮನ್ನಿನದ್ದು 1405ರಷ್ಟು ಹಳೆಯದು. ಕಮಾನು, ಮರದ ಪೀಪಾಯಿ, ಬಿಳಿ ಬಟ್ಟೆ. ಕಂಪನಿಯ ಖರ್ಚಿನಲ್ಲಿ ಕ್ಲೈಂಟ್ ಜೊತೆ ಹೋಗಲು ಚೆನ್ನ.

ಇಂಬಿಸ್, ಡ್ಯೋನರ್, ಬೇಕರಿ

ನಿಂತು ತಿನ್ನುವ ಗಾಡಿ ಅಂಗಡಿ, ಸಣ್ಣ ಕಿಟಕಿ ಅಂಗಡಿ ಎಲ್ಲ ಇಂಬಿಸ್. ಕರಿವುರ್ಸ್ಟ್ ಇಲ್ಲಿನದು. 1949ರಲ್ಲಿ ಬರ್ಲಿನ್ನಿನ ಹೆರ್ಟಾ ಹೋಯ್ವರ್ ಸಾಸೇಜಿನ ಮೇಲೆ ಟೊಮೆಟೊ ಸಾಸು, ಕರಿ ಪೌಡರ್ ಹಾಕಿ ಮಾರತೊಡಗಿದಳು ಅನ್ನುತ್ತಾರೆ. ನಮ್ಮ ಸಾಂಬಾರಿಗೂ ಆ 'ಕರಿ'ಗೂ ಯಾವ ನೆಂಟಸ್ತಿಕೆಯೂ ಇಲ್ಲ. ಸಾಮಾನ್ಯವಾಗಿ ಹಂದಿ ಮಾಂಸ.

ಸಸ್ಯಾಹಾರಿಗೆ ಇಂಬಿಸ್‌ಗಿಂತ ಟರ್ಕಿಯವರ ಡ್ಯೋನರ್ (ಕೆಬಾಬ್ ರೋಲು) ಅಂಗಡಿ ಎಷ್ಟೋ ವಾಸಿ. ಫಲಾಫೆಲ್ (ಕಡಲೆಯ ವಡೆ), ಹಲ್ಲೂಮಿ ಚೀಸು, ತರಕಾರಿ ಹಾಕಿದ ರೋಲು ಏಳೆಂಟು ಯೂರೋಗೆ ಹೊಟ್ಟೆ ತುಂಬಿಸುತ್ತದೆ, ರಾತ್ರಿ ಹತ್ತಕ್ಕೂ ಸಿಗುತ್ತದೆ. ಖಾರ ಬೇಕಾದರೆ 'ಶಾರ್ಫ್' ಅನ್ನಿ. ಒಂದೇ ಎಚ್ಚರಿಕೆ: 'ಗೆಮ್ಯೂಸೆ ಕೆಬಾಪ್', ಅಂದರೆ ತರಕಾರಿ ಕೆಬಾಬ್ ಅಂತ ಬರೆದಿದ್ದರೂ ಬರ್ಲಿನ್ನಿನಲ್ಲಿ ಅದು ಹೆಚ್ಚಾಗಿ ಕೋಳಿಯ ಜೊತೆ ಹುರಿದ ತರಕಾರಿ. ಇದು ಜರ್ಮನ್ ಊಟ ಅಲ್ಲ ಅಂತ ಮೂಗು ಮುರಿಯುವವರಿಗೆ ಒಂದು ಮಾತು, ಜರ್ಮನ್ನರು ದಿನಾ ತಿನ್ನೋದು ಇದನ್ನೇ.

ಬೆಳಗಿನ ತಿಂಡಿಗೆ ಬೇಕರಿಯನ್ನು ಮೀರಿಸಿದ್ದು ಇಲ್ಲ. ಬೆಣ್ಣೆ ಸವರಿದ ಬ್ರೇಟ್ಸೆ, ಚೀಸು ಹಾಕಿ ಸುಟ್ಟ ಬನ್ನು, ಕಾಫಿ, ಐದಾರು ಯೂರೋದಲ್ಲಿ ಮುಗಿಯುತ್ತದೆ. ಸಂಜೆ ಮೂರು ನಾಲ್ಕರ ಹೊತ್ತಿಗೆ ಕಾಫಿ, ಕೇಕಿನ ಪದ್ಧತಿ ಇದೆ. ಜರ್ಮನ್ನರ ಮನೆಗೆ ಕರೆದರೆ ಅದಕ್ಕೇ ಕರೆಯುತ್ತಾರೆ.

ಸಸ್ಯಾಹಾರಿ ಅಂತ ಬರೆದಿದ್ದರೂ ನೋಡಬೇಕಾದ್ದು

ಜರ್ಮನಿಯಲ್ಲಿ 'ವೆಗೆಟಾರಿಶ್' ಅಂದರೆ ಮೊಟ್ಟೆ ಸೇರಿದ್ದು. ಆ ದೇಶದಲ್ಲಿ ಅದು ತಪ್ಪಲ್ಲ, ನಮ್ಮ ಅನೇಕ ಮನೆಗಳಿಗೆ ಆಗಿಬರೋದಿಲ್ಲ. ಷ್ಪೆಟ್ಸ್‌ಲೆ, ಬ್ರೆಡ್ಡಿನ ಉಂಡೆಯಾದ ಝೆಮ್ಮೆಲ್‌ಕ್ನ್ಯೋಡೆಲ್, ಪ್ಯಾನ್‌ಕೇಕು ಎಲ್ಲದರಲ್ಲೂ ಮೊಟ್ಟೆ. ಹಾಗಾಗಿ ಮೊಟ್ಟೆ ತಿನ್ನದವರು 'ವೆಗೆಟಾರಿಶ್' ಹುಡುಕೋದಕ್ಕಿಂತ 'ವೆಗಾನ್' ಅಂತ ಗುರುತು ಹಾಕಿದ್ದನ್ನು ಹುಡುಕೋದು ಜಾಣತನ. ಹಾಲು, ತುಪ್ಪ ತಪ್ಪಿಹೋಗುತ್ತದೆ ನಿಜ. ಆದರೆ ಮೊಟ್ಟೆ, ಜೆಲಟಿನ್, ಚೀಸಿಗೆ ಹಾಲು ಒಡೆಸಲು ಬಳಸುವ, ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಎಲ್ಲ ಚಿಂತೆ ಒಂದೇ ಏಟಿಗೆ ಹೋಗುತ್ತದೆ. ಬರ್ಲಿನ್ನಿನಲ್ಲಿ ಪೂರ್ತಿ ವೆಗಾನ್ ರೆಸ್ಟೋರೆಂಟುಗಳು ಬೇಕಾದಷ್ಟಿವೆ.

ಇನ್ನೊಂದು ಸಹಾಯ ಮೆನುವಿನಲ್ಲೇ ಇದೆ. ಯುರೋಪಿನ ನಿಯಮದ ಪ್ರಕಾರ 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಲೇಬೇಕು. ತಿನಿಸಿನ ಹೆಸರಿನ ಪಕ್ಕದಲ್ಲಿ ಸಣ್ಣ ಅಕ್ಷರ, ಅಂಕಿ ಕಾಣುತ್ತವಲ್ಲ, ಅದೇ. ಅದರಲ್ಲಿ ಮೊಟ್ಟೆ, ಹಾಲು, ಮೀನು ಸೇರಿವೆ. ಯಾವ ಅಕ್ಷರಕ್ಕೆ ಏನರ್ಥ ಅನ್ನೋದು ಹೋಟೆಲಿನಿಂದ ಹೋಟೆಲಿಗೆ ಬದಲಾಗುತ್ತದೆ, ಕೊನೆಯ ಪುಟದ ಪಟ್ಟಿ ನೋಡಿ. ಇಲ್ಲದಿದ್ದರೆ ಕೇಳಿ. ಆದರೆ ಮಾಂಸ ಅಲರ್ಜಿ ಪಟ್ಟಿಯಲ್ಲಿಲ್ಲ. ಹಾಗಾಗಿ ಹಂದಿ ಕೊಬ್ಬು, ಮಾಂಸದ ಸಾರು ಅಲ್ಲಿ ಕಾಣಿಸೋದಿಲ್ಲ.

ಅವು ಅಡಗುವ ಜಾಗಗಳು ಇವು. ಹುರಿದ ಆಲೂಗಡ್ಡೆ ಬ್ರಾಟ್‌ಕಾರ್ಟೋಫೆಲ್ನ್‌ಗೆ ಹಂದಿಯ ಷ್ಪೆಕ್ (ಬೇಕನ್) ಚೂರು ಬೀಳೋದು ಸಾಮಾನ್ಯ. ಹುಳಿ ಬರಿಸಿದ ಕೋಸು ಸೌವರ್‌ಕ್ರೌಟಿಗೂ ಅಷ್ಟೆ. ಕೆಂಪು ಕೋಸಿನ ಪಲ್ಯವನ್ನು ಹಂದಿಯ ಅಥವಾ ಬಾತಿನ ಕೊಬ್ಬಿನಲ್ಲಿ ಮಾಡುವವರಿದ್ದಾರೆ. ದಕ್ಷಿಣದ ಆಲೂಗಡ್ಡೆ ಸಲಾಡಿಗೆ ಮಾಂಸದ ಸಾರು ಹಾಕುತ್ತಾರೆ, ಉತ್ತರದ್ದಕ್ಕೆ ಮೊಟ್ಟೆಯ ಮೇಯನೇಸ್. ಆಲೂಗಡ್ಡೆ ಉಂಡೆಯ ಮೇಲೆ ಸುರಿಯುವ ಕಂದು ಸಾಸು ಹಂದಿಯ ರೋಸ್ಟಿನದ್ದು, ಮಕ್ಕಳ ಮೆನುವಿನ 'ಕ್ನ್ಯೋಡೆಲ್ ಮಿಟ್ ಝೋಸೆ' ಹೆಚ್ಚಾಗಿ ಇದೇ. ಬ್ರೆಡ್ಡಿನ ಜೊತೆ ಪುಟ್ಟ ಬಟ್ಟಲಲ್ಲಿ ಬೆಳ್ಳಗೆ ಕಾಣೋದು ಬೆಣ್ಣೆಯೇ ಆಗಿರಬೇಕಿಲ್ಲ, ಶ್ಮಾಲ್ಟ್ಸ್ ಅನ್ನುವ ಹಂದಿ ಕೊಬ್ಬೂ ಇರಬಹುದು. 'ಓನೆ ಫ್ಲೈಶ್, ಓನೆ ಷ್ಪೆಕ್, ಓನೆ ಬ್ರ್ಯೂಹೆ, ಓನೆ ಐಯರ್' ಅಂತ ಒಂದು ಚೀಟಿ ಬರೆದಿಟ್ಟುಕೊಳ್ಳಿ. ಮಾಂಸ, ಷ್ಪೆಕ್, ಸಾರು, ಮೊಟ್ಟೆ ಯಾವುದೂ ಬೇಡ ಅಂತ. ಸುಮ್ನೆ 'ಐ ಆಮ್ ವೆಜಿಟೇರಿಯನ್' ಅಂದರೆ ಸಾರಿನ ನೆನಪು ಅವರಿಗೆ ಬರೋದಿಲ್ಲ.

ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಮೂರೂ ಬೇಡ ಅನ್ನುವವರಿಗೂ ಒಂದು ಕಾಲ ಇದೆ. ಏಪ್ರಿಲ್ ಮಧ್ಯದಿಂದ ಜೂನ್ 24ರವರೆಗೆ ಷ್ಪಾರ್ಗೆಲ್, ಬಿಳಿ ಆಸ್ಪರಾಗಸ್. ಆಗ ಎಲ್ಲ ವಿರ್ಟ್ಸ್‌ಹೌಸಿನಲ್ಲೂ ಅದಕ್ಕೇ ಬೇರೆ ಮೆನು. ಜೊತೆಗೆ ಬರುವ ಹಾಲಂಡೇಸ್ ಸಾಸಿನಲ್ಲಿ ಮೊಟ್ಟೆ ಇರುತ್ತದೆ. ಅದರ ಬದಲು ಕರಗಿಸಿದ ಬೆಣ್ಣೆ ಕೇಳಿ, ಹಂದಿಮಾಂಸ ಬೇಡ ಅನ್ನಿ. ಬೇಯಿಸಿದ ಆಲೂಗಡ್ಡೆ, ಬೆಣ್ಣೆ, ಮೆತ್ತನೆ ಆಸ್ಪರಾಗಸ್ ಸಿಗುತ್ತದೆ. ಎಸ್‌ಎಪಿ ಸಾಫ್ಟ್‌ವೇರ್ ಕಂಪನಿಯ ಕೆಲಸದ ಮೇಲೆ ಬೆಂಗಳೂರಿನಿಂದ ವಾಲ್ಡೋರ್ಫಿಗೆ ಬರುವವರಿಗೆ ಇದಕ್ಕೇ ಹೆಸರಾದ ಶ್ವೆಟ್ಸಿಂಗನ್ ಪಕ್ಕದಲ್ಲೇ ಇದೆ.

ಮಾಂಸ ತಿನ್ನುವವರಲ್ಲಿ ದನ, ಹಂದಿ ಬೇಡ ಅನ್ನುವವರು ಷ್ನಿಟ್ಸೆಲ್ (ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದ ಮಾಂಸದ ತೆಳು ತುಂಡು) ಹೆಸರನ್ನು ಪೂರ್ತಿ ಓದಿ. 'ವೀನರ್ ಷ್ನಿಟ್ಸೆಲ್' ಕರುವಿನದು, 'ವೀನರ್ ಆರ್ಟ್' ಸಾಮಾನ್ಯವಾಗಿ ಹಂದಿಯದು. 'ಹೇನ್‌ಶನ್' ಕೋಳಿ, 'ಪೂಟೆ' ಟರ್ಕಿ ಕೋಳಿ. ಫೊರೆಲ್ಲೆ ಅನ್ನುವ ಹೊಳೆ ಮೀನು ಬಹಳ ಕಡೆ ಸಿಗುತ್ತದೆ, ಚೆನ್ನಾಗಿರುತ್ತದೆ.

ನೀರು, ಬಿಲ್ಲು, ಟಿಪ್ಸು

ಕೂತ ತಕ್ಷಣ ನೀರು ತಂದಿಡುವ ಪದ್ಧತಿ ಇಲ್ಲ. 'ವಾಸ್ಸರ್' ಅಂದರೆ ಗ್ಯಾಸ್ ತುಂಬಿದ ಬಾಟಲಿ ನೀರು ಬರಬಹುದು, ಬೇಡವಾದರೆ 'ಷ್ಟಿಲ್ಲೆಸ್' ಅನ್ನಿ. ಒಂದು ಕಾನೂನು ನಿಮ್ಮ ಪರವಾಗಿದೆ. ಮದ್ಯ ಮಾರುವ ಹೋಟೆಲಿನಲ್ಲಿ ಆಲ್ಕೋಹಾಲ್ ಇಲ್ಲದ ಒಂದು ಪಾನೀಯವಾದರೂ, ಅಷ್ಟೇ ಪ್ರಮಾಣದ ಅತಿ ಅಗ್ಗದ ಮದ್ಯಕ್ಕಿಂತ ದುಬಾರಿ ಇರಬಾರದು. ಸೇಬಿನ ರಸಕ್ಕೆ ಸೋಡಾ ನೀರು ಬೆರೆಸಿದ ಆಪ್ಫೆಲ್‌ಶೋರ್ಲೆ ಮಕ್ಕಳಿಗೂ ಅಜ್ಜಿಗೂ ಆಗುತ್ತದೆ. 'ಆಲ್ಕೋಹಾಲ್‌ಫ್ರೈ' ಬೀರಿನಲ್ಲಿ 0.5% ವರೆಗೆ ಆಲ್ಕೋಹಾಲ್ ಇರಬಹುದು, ಕಟ್ಟುನಿಟ್ಟಿನವರು ಅದನ್ನು ಬಿಡಿ.

ಬಿಲ್ಲು ಕೇಳುವವರೆಗೆ ಬರೋದಿಲ್ಲ. ಒಟ್ಟಿಗೋ ಬೇರೆ ಬೇರೆಯೋ ಅಂತ ಕೇಳುತ್ತಾರೆ. ಹತ್ತು ಜನ ಬೇರೆ ಬೇರೆ ಕೊಟ್ಟರೂ ಅಲ್ಲಿ ಯಾರೂ ಮುಖ ಸಿಂಡರಿಸೋದಿಲ್ಲ. ಟಿಪ್ಸು ಐದರಿಂದ ಹತ್ತು ಪರ್ಸೆಂಟ್, ಮೇಜಿನ ಮೇಲೆ ಬಿಟ್ಟು ಬರಬೇಡಿ. ಬಿಲ್ಲು 46.20 ಆದರೆ ದುಡ್ಡು ಕೊಡುವಾಗ 'ಫ್ಯೂನ್ಫ್‌ಸಿಷ್' ಅನ್ನಿ, ಐವತ್ತು ಅಂತ. ಸಣ್ಣ ವಿರ್ಟ್ಸ್‌ಹೌಸು, ಇಂಬಿಸ್, ಬೀರ್‌ಗಾರ್ಟನ್ನುಗಳಲ್ಲಿ ಭಾರತದ ಕ್ರೆಡಿಟ್ ಕಾರ್ಡ್ ನಡೆಯದೇ ಇರಬಹುದು. ಜೇಬಿನಲ್ಲಿ ನೋಟು ಇರಲಿ.

ಯಾರು ಎಲ್ಲಿಗೆ

ಹಿರಿಯರು, ಮಕ್ಕಳು, ಒಬ್ಬರು ಮೊಟ್ಟೆ ತಿನ್ನದವರು, ಒಬ್ಬರು ಕೋಳಿ ಬೇಕೆನ್ನುವವರು, ಎಲ್ಲ ಸೇರಿದ ಗುಂಪು ಬೇಸಿಗೆಯಲ್ಲಿ ಬವೇರಿಯಾದಲ್ಲಿದ್ದರೆ ಎರಡನೇ ಯೋಚನೆಯೇ ಬೇಡ, ಬೀರ್‌ಗಾರ್ಟನ್. ಅದೇ ಗುಂಪು ಡಿಸೆಂಬರಿನಲ್ಲಿದ್ದರೆ ಮೊದಲೇ ಫೋನ್ ಮಾಡಿ ವಿಚಾರಿಸಿದ ವಿರ್ಟ್ಸ್‌ಹೌಸ್. ಮೊಟ್ಟೆ ತಿನ್ನುವ ಸಸ್ಯಾಹಾರಿಗೆ ಶ್ವಾಬಿಯಾ, ಫ್ರಾಂಕ್‌ಫರ್ಟ್ ಎರಡೂ ಸುಲಭ. ಗೆಳೆಯರ ಗುಂಪು, ಬೀರು ಕುಡಿಯುವವರು ಅಂದರೆ ಕಲೋನಿನ ಬ್ರೌಹೌಸ್. ರೈಲು ಹಿಡಿಯುವ ಅವಸರ ಇದ್ದರೆ ಫಲಾಫೆಲ್. ಕಟ್ಟಾ ಸಸ್ಯಾಹಾರಿ ಒಬ್ಬರೇ ಇದ್ದರೆ ಬಲವಂತಕ್ಕೆ ವಿರ್ಟ್ಸ್‌ಹೌಸಿಗೆ ಹೋಗಿ ಸಪ್ಪೆ ಸಲಾಡ್ ತಿಂದು 20 ಯೂರೋ ಕೊಡೋದು ಯಾಕೆ? ಬೆಳಗ್ಗೆ ಬೇಕರಿ, ರಾತ್ರಿ ವೆಗಾನ್ ರೆಸ್ಟೋರೆಂಟ್, ಅಲ್ವಾ?

ಹೊರಡುವ ಮೊದಲು 'ರೂಹೆಟಾಗ್' ನೋಡಿ, ಅಂದರೆ ವಾರದ ರಜೆ. ಅನೇಕ ವಿರ್ಟ್ಸ್‌ಹೌಸುಗಳಿಗೆ ಅದು ಸೋಮವಾರ. ಭಾನುವಾರ ಹೋಟೆಲು ತೆರೆದಿರುತ್ತವೆ, ಸೂಪರ್‌ಮಾರ್ಕೆಟ್ ಇರೋದಿಲ್ಲ. ಡಿಸೆಂಬರ್ 24ರ ಸಂಜೆ ಬಹುತೇಕ ಎಲ್ಲ ಬಂದ್, 25 ಮತ್ತು 26 ಸರ್ಕಾರಿ ರಜೆ. ಆ ವಾರ ಅಲ್ಲಿರುವವರು 23ಕ್ಕೇ ಅಕ್ಕಿ, ಮೊಸರು, ತರಕಾರಿ ತಂದಿಟ್ಟುಕೊಳ್ಳಿ.